ನಮ್ಮ ಕೆರೆಯಿಂದ ಹಿಮದ ಕಣಿವೆಗೆ

ಪ್ರಿಯ ಸಹಪಾಠಿಗಳೇ, ಬೇಸಿಗೆ ರಜ ಮುಗಿಸಿ ಎಲ್ಲರೂ ಬಂದಿದ್ದೀರಿ. ಹೊಸ ತರಗತಿ, ಹೊಸ ಪುಸ್ತಕ. ಆದರೆ ನನ್ನದು ಒಂದು ಹಳೇ ಬಾಕಿ ಇದೆ. ಅದನ್ನು ತೀರಿಸಿಯೇ ಮುಂದಕ್ಕೆ ಹೋಗಬೇಕು.

ಪರೀಕ್ಷೆಗೆ ಮುಂಚಿನ ಗೋಡೆ ಪತ್ರಿಕೆಯಲ್ಲಿ, ಎಡಗಡೆ ಕೆಳಗಿನ ಮೂಲೆಯಲ್ಲಿ ನಾನು ಒಂದು ಸುದ್ದಿ ಬರೆದಿದ್ದೆ. "ಎಲೆ ಮಲ್ಲಪ್ಪ ಶೆಟ್ಟಿ ಕೆರೆಗೆ ಬಂದಿದ್ದ ಸೂಜಿಬಾಲದ ಬಾತುಗಳು ಮಾರ್ಚ್ ಎರಡನೇ ಭಾನುವಾರಕ್ಕೆ ಎಲ್ಲವೂ ಹೊರಟುಹೋದವು" ಎಂದು. ಆ ಸುದ್ದಿ ತಪ್ಪು. ಅದು ಹೇಗೆ ತಪ್ಪಾಯಿತು, ಹಕ್ಕಿಗಳು ಯಾಕೆ ಹೊರಡುತ್ತವೆ, ಎಲ್ಲಿಗೆ ಹೋಗುತ್ತವೆ ಎಂಬುದೇ ಈ ಸಲದ ಪಾಠ.

1. ಕೆರೆ ಮತ್ತು ನನ್ನ ನೋಟ್‌ಬುಕ್

ಮಹದೇವಪುರದಿಂದ ಕೆ.ಆರ್. ಪುರ ದಾಟಿ ಹಳೇ ಮದ್ರಾಸ್ ರಸ್ತೆಯಲ್ಲಿ ಹೊಸಕೋಟೆ ಕಡೆ ಹೋದರೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಸಿಗುತ್ತದೆ. ವೀಳ್ಯದೆಲೆ ವ್ಯಾಪಾರ ಮಾಡುತ್ತಿದ್ದ ಮಲ್ಲಪ್ಪ ಶೆಟ್ಟರು ತಮ್ಮ ದುಡ್ಡು ಹಾಕಿ ಜನರಿಗೋಸ್ಕರ ಕಟ್ಟಿಸಿದ ಕೆರೆ ಎಂದು ಹಿರಿಯರು ಹೇಳುತ್ತಾರೆ. ನಮ್ಮ ತಾತ ಎರಡು ಹಸು ಸಾಕಿದ್ದಾರೆ. ಭಾನುವಾರ ಬೆಳಿಗ್ಗೆ ಟಿವಿಎಸ್‌ನಲ್ಲಿ ಆ ಕಡೆ ಹುಲ್ಲಿಗೆ ಹೋಗುತ್ತಾರೆ. ಹೋದ ನವೆಂಬರ್‌ನಿಂದ ನಾನೂ ಹಿಂದೆ ಕೂತು ಹೋಗಲು ಶುರುಮಾಡಿದೆ. ತಾತ ಹುಲ್ಲು ಕುಯ್ಯುವಷ್ಟು ಹೊತ್ತು ನಾನು ಕಟ್ಟೆ ಮೇಲೆ ನಿಂತು ಹಕ್ಕಿ ನೋಡಿ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳುತ್ತಿದ್ದೆ. ವಿಜ್ಞಾನದ ಮೇಷ್ಟ್ರು ತಮ್ಮ ಬೈನಾಕ್ಯುಲರ್ ಕೊಟ್ಟಿದ್ದರು.

ಮೊದಲನೇ ದಿನ ತಾತ ಹೇಳಿದ ಮಾತು ಇನ್ನೂ ನೆನಪಿದೆ. "ಇವೆಲ್ಲ ಬಡಗಲ ಸೀಮೆಯವು ಕಣಮ್ಮ. ರಾಗಿ ಕುಯ್ಲಿಗೆ ಬರ್ತವೆ, ಯುಗಾದಿಗೆ ಹೊರಡ್ತವೆ. ನಮ್ಮಪ್ಪನ ಕಾಲದಿಂದ್ಲೂ ಹಿಂಗೇಯ." ತಾತ ಶಾಲೆಗೆ ಹೋದವರಲ್ಲ. ಆದರೆ ಅವರ ಲೆಕ್ಕ ಬಹುಮಟ್ಟಿಗೆ ಸರಿ ಎಂದು ಆಮೇಲೆ ಗೊತ್ತಾಯಿತು.

2. ಯಾರು ಮನೆಯವರು? ಯಾರು ನೆಂಟರು?

ಕೆರೆಯಲ್ಲಿರುವ ಎಲ್ಲ ಹಕ್ಕಿಯೂ ವಲಸೆ ಹಕ್ಕಿ ಅಲ್ಲ. ಮೊದಲು ಇದನ್ನು ಕಲಿಯಬೇಕು. ನಾನೂ ಮೊದಮೊದಲು ಬಾತು ಕಂಡರೆ ಸಾಕು, "ಸೈಬೀರಿಯಾದಿಂದ ಬಂದಿದೆ" ಎಂದು ಬರೆದುಬಿಡುತ್ತಿದ್ದೆ.

ಮನೆಯವರು: ಕೊಕ್ಕಿನ ತುದಿ ಹಳದಿ ಇರುವ ಚುಕ್ಕೆಕೊಕ್ಕಿನ ಬಾತು, ಹಣೆ ಮೇಲೆ ಬಿಳಿ ನಾಮ ಇರುವ ನಾಮದ ಕೋಳಿ, ಮುಳುಗಿ ಬೇರೆಲ್ಲೋ ಏಳುವ ಗುಳುಮುಳುಕ, ರೆಕ್ಕೆ ಒಣಗಿಸುವ ನೀರುಕಾಗೆ, ಕೊಳದ ಬಕ. ಇವು ವರ್ಷ ಪೂರ್ತಿ ನಮ್ಮಲ್ಲೇ ಕಾಣುತ್ತವೆ. ಚಳಿಗಾಲದಲ್ಲಿ ನಾಮದ ಕೋಳಿಗಳ ಜೊತೆ ಉತ್ತರದಿಂದ ಬಂದ ಅವುಗಳ ನೆಂಟರೂ ಸೇರಿಕೊಳ್ಳುತ್ತಾರೆ.

ನೆಂಟರು: ಬಾಲದ ನಡುವಿನ ಗರಿ ಸೂಜಿಯಂತೆ ಉದ್ದ ಇರುವ ಸೂಜಿಬಾಲದ ಬಾತು. ಗಂಡಿನ ಕಣ್ಣ ಮೇಲೆ ಬಿಳೀ ಹುಬ್ಬಿರುವ ಬಾತು. ಸೌಟಿನಂಥ ಕೊಕ್ಕಿನ ಚಲುಕದ ಬಾತು. ತಂತಿ ಮೇಲೆ ಸಾಲಾಗಿ ಕೂರುವ ಕವಲುತೋಕೆ. ನಿಂತಲ್ಲಿ ನಿಲ್ಲದೆ ಬಾಲ ಕುಣಿಸುವ ಸಿಪಿಲೆಗಳು. ಸಿಪಿಲೆಗಳಲ್ಲೂ ಕಪ್ಪು ಬಿಳುಪಿನ ದೊಡ್ಡದು ಮನೆಯದೇ. ಬೆನ್ನು ಬೂದು, ಹೊಟ್ಟೆ ಹಳದಿ ಇರುವ ಬೂದು ಸಿಪಿಲೆ ಮಾತ್ರ ಹಿಮಾಲಯದ ತೊರೆಗಳ ಕಡೆಯಿಂದ ಸೆಪ್ಟೆಂಬರ್‌ಗೇ ಬಂದುಬಿಡುವ ನೆಂಟ.

ಇನ್ನೊಂದು ಸಿಪಿಲೆಯನ್ನು ನಾನು ಚೆನ್ನಾಗಿ ಗುರುತು ಮಾಡಿಕೊಂಡೆ. ಅದು ನೀರ ಮೇಲೆ ತೇಲುವ ಸೊಪ್ಪಿನ ಮೇಲೇ ಓಡಾಡುತ್ತದೆ. ಡಿಸೆಂಬರ್‌ನಲ್ಲಿ ಮೈ ಬೂದಿ, ಮುಖ ಸ್ವಲ್ಪ ಹಳದಿ. ಯಾರೂ ತಿರುಗಿ ನೋಡುವಂಥ ಹಕ್ಕಿ ಅಲ್ಲ. ಮಾರ್ಚ್ ಬಂದಂತೆ ಅದರ ತಲೆಗೆ ಯಾರೋ ಅರಿಶಿನ ಬಳಿದ ಹಾಗೆ ಬಣ್ಣ ಏರತೊಡಗಿತು! ಮಾರ್ಚ್ ಕೊನೆಗೆ ತಲೆ, ಎದೆ ಎಲ್ಲಾ ಗಾಢ ಹಳದಿ. ಇದು ಹಳದಿ ತಲೆಯ ಸಿಪಿಲೆಯ ಗಂಡು. ಊರಿಗೆ ಹೋಗಿ ಗೂಡು ಕಟ್ಟುವ ಕಾಲ ಬಂತು, ಅದಕ್ಕೇ ಹೊಸ ಗರಿ ಹಾಕಿಕೊಂಡಿದೆ ಎಂದರು ಮೇಷ್ಟ್ರು.

3. ಯಾಕೆ ಬರುತ್ತವೆ? ಯಾಕೆ ಹೋಗುತ್ತವೆ?

ಯಾಕೆ ಬರುತ್ತವೆ ಎನ್ನುವುದು ಸುಲಭ. ಉತ್ತರದಲ್ಲಿ ಚಳಿಗಾಲಕ್ಕೆ ಕೆರೆ, ಹೊಳೆ ಹೆಪ್ಪುಗಟ್ಟುತ್ತವೆ. ಹುಳ ಇಲ್ಲ, ನೀರ ಸೊಪ್ಪು ಇಲ್ಲ. ಹೊಟ್ಟೆಪಾಡಿಗೆ ದಕ್ಷಿಣಕ್ಕೆ ಬರುತ್ತವೆ.

ಆದರೆ ಬಂದ ಮೇಲೆ ಇಲ್ಲೇ ಯಾಕೆ ಇರಬಾರದು? ಮಾರ್ಚ್‌ನಲ್ಲೂ ನಮ್ಮ ಕೆರೆಯಲ್ಲಿ ನೀರು ಇರುತ್ತಲ್ಲ? ಈ ಪ್ರಶ್ನೆಯನ್ನು ನಾನು ಮೇಷ್ಟ್ರಿಗೆ ಕೇಳಿದೆ. ಅವರು ಉತ್ತರ ಹೇಳದೆ ಗ್ಲೋಬ್ ತಂದು ಇಟ್ಟರು.

ಬೆಂಗಳೂರು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಲಡಾಖ್‌ನ ಲೇಹ್ ಸುಮಾರು 34 ಡಿಗ್ರಿ. ಜೂನ್ ತಿಂಗಳ ಅತಿ ಉದ್ದದ ಹಗಲು ನಮ್ಮಲ್ಲಿ 13 ಗಂಟೆಯೂ ತುಂಬುವುದಿಲ್ಲ. ಲೇಹ್‌ನಲ್ಲಿ 14 ಗಂಟೆ ದಾಟುತ್ತದೆ. ಸೈಬೀರಿಯಾದ ಉತ್ತರ ತುದಿಯಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಹಗಲು ಉದ್ದ ಇದ್ದಷ್ಟೂ ತಾಯಿ ತಂದೆ ಹಕ್ಕಿಗಳಿಗೆ ಮರಿಗೆ ತಿನ್ನಿಸಲು ಹೆಚ್ಚು ಹೊತ್ತು. ಹಿಮ ಕರಗಿದ ಜೌಗಿನಲ್ಲಿ ಹುಳಗಳೂ ರಾಶಿ ರಾಶಿ. ನಮ್ಮಲ್ಲಾದರೆ ಇದ್ದ ಹುಳಕ್ಕೆ ನಮ್ಮ ಮನೆ ಹಕ್ಕಿಗಳೇ ಪೈಪೋಟಿಗೆ ಇವೆ. ಅದಕ್ಕೇ ಹೋಗುತ್ತವೆ.

ಹೊರಡುವ ಹೊತ್ತು ಅವಕ್ಕೆ ಹೇಗೆ ಗೊತ್ತಾಗುತ್ತದೆ? ಅವುಗಳ ಮೈಯೊಳಗೇ ಒಂದು ವರ್ಷದ ಲೆಕ್ಕ ಇರುತ್ತದೆ. ಹಗಲು ಉದ್ದವಾಗುವುದು ಆ ಲೆಕ್ಕವನ್ನು ಸರಿಪಡಿಸುತ್ತದೆ. ಆಗ ಅವು ಹೆಚ್ಚು ಹೆಚ್ಚು ತಿಂದು ಮೈಯಲ್ಲಿ ಕೊಬ್ಬು ಕೂಡಿಡುತ್ತವೆ. ಆ ಕೊಬ್ಬೇ ದಾರಿಯ ಬುತ್ತಿ. ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ಹಕ್ಕಿ ಹಾರುವುದನ್ನು ನೋಡೋಣ ಅಂತ ನಮ್ಮ ಕೆಲವು ಹುಡುಗರು ಕಲ್ಲು ಬೀರುತ್ತಾರೆ. ಕಲ್ಲು ತಾಕದಿದ್ದರೂ ನಷ್ಟವೇ. ಒಂದೊಂದು ಸಲ ಗಾಬರಿಯಿಂದ ಎದ್ದಾಗಲೂ ಅದರ ಬುತ್ತಿಯಲ್ಲಿ ಒಂದು ತುತ್ತು ಖರ್ಚು.

ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು ನಿಮಗೆ ಗೊತ್ತಿರಬಹುದು. 2017ರ ಫೆಬ್ರವರಿಯಲ್ಲಿ ಒಮ್ಮೆ, 2018ರ ಜನವರಿಯಲ್ಲಿ ಒಮ್ಮೆ. ತಿಂಗಳು ನೋಡಿ! ನೆಂಟರು ನಮ್ಮಲ್ಲಿ ಇರುವ ಕಾಲವೇ ಅದು. ಕೆರೆ ಕೆಟ್ಟರೆ ನಮಗೆ ವಾಸನೆ, ಸೊಳ್ಳೆ. ಅವಕ್ಕೆ ದಾರಿಯ ಬುತ್ತಿಯೇ ಇಲ್ಲ.

4. ಮಾಮ ಹೇಳಿದ ಕಣಿವೆ

ನಮ್ಮ ಮಾಮ ಸೈನ್ಯದಲ್ಲಿದ್ದಾರೆ. ಹಲಸೂರಿನ ಎಂ.ಇ.ಜಿ.ಯಲ್ಲಿ ತರಬೇತಿ ಆದದ್ದು. ಮದ್ರಾಸ್ ಸ್ಯಾಪರ್ಸ್ ಎಂದು ಕರೆಯುವ, 1780ರಲ್ಲಿ ಶುರುವಾದ ಈ ಪಡೆಯವರ ಕೆಲಸ ರಸ್ತೆ, ಸೇತುವೆ ಕಟ್ಟುವುದು. ಮಾಮ ಈಗ ಲೇಹ್ ಕಡೆ ಇದ್ದಾರೆ. ಸರಿಯಾಗಿ ಎಲ್ಲಿ ಎಂದು ಕೇಳಬಾರದು, ಅವರೂ ಹೇಳಬಾರದು. ಭಾನುವಾರ ಸಾಯಂಕಾಲ ಅಮ್ಮನ ಫೋನಿಗೆ ಮಾತಾಡುತ್ತಾರೆ.

ಒಂದು ಸಲ ನಾನು ಹಕ್ಕಿ ವಿಷಯ ಹೇಳಿದಾಗ, "ಪುಟ್ಟಿ, ನಾನಿರೋ ವ್ಯಾಲಿಯಲ್ಲೂ ಹಕ್ಕಿ ಬರೋಕೆ ಶುರುವಾಗಿದೆ" ಎಂದರು. ವ್ಯಾಲಿ ಅಂದರೆ ನನಗೆ ಗೊತ್ತಿದ್ದದ್ದು ಕೆ.ಸಿ. ವ್ಯಾಲಿ ಒಂದೇ. ಕೋರಮಂಗಲ, ಚಲ್ಲಘಟ್ಟ ಕಡೆಯ ಕೊಳಚೆ ನೀರನ್ನು ಶುದ್ಧ ಮಾಡಿ 2018ರಿಂದ ಕೋಲಾರದ ಕೆರೆಗಳಿಗೆ ಬಿಡುತ್ತಾರಲ್ಲ, ಅದು. ಮಾಮ ನಕ್ಕರು. "ಅದಲ್ಲಮ್ಮ, ಸಿಂಧೂ ನದಿ ಕಣಿವೆ" ಅಂದರು.

ಅವರು ಹೇಳಿದ್ದನ್ನು ನಾನು ಬರೆದುಕೊಂಡೆ. ನಮ್ಮ ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಎತ್ತರ. ಲೇಹ್ ಸುಮಾರು 3,500 ಮೀಟರ್. ಅಲ್ಲಿಯ ಗಾಳಿಯಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕ ಸಮುದ್ರ ದಡದಲ್ಲಿ ಸಿಗುವುದರ ಮೂರರಲ್ಲಿ ಎರಡು ಪಾಲಿನಷ್ಟೇ. ಹೊಸದಾಗಿ ಹೋದ ಸೈನಿಕರಿಗೆ ಮೊದಲ ಕೆಲವು ದಿನ ಕೆಲಸ ಕೊಡುವುದಿಲ್ಲ, ಸುಮ್ಮನೆ ಇರಿಸುತ್ತಾರೆ. ಮೆಟ್ಟಿಲು ಹತ್ತಿದರೂ ಏದುಸಿರು.

"ಇಲ್ಲಿ ಮಾರ್ಚ್ ಅಂದ್ರೆ ಬೇಸಿಗೆ ಅಲ್ಲ ಪುಟ್ಟಿ. ರಾತ್ರಿ ಬಕೆಟ್‌ನಲ್ಲಿಟ್ಟ ನೀರು ಬೆಳಿಗ್ಗೆ ಗಾಜಿನ ಹಾಗೆ ಆಗಿರುತ್ತೆ. ನದಿ ಅಂಚಿನಲ್ಲಿ ಮಂಜುಗಡ್ಡೆ, ನಡುವೆ ಮಾತ್ರ ನೀರು ಹರಿಯುತ್ತೆ. ಮರದಲ್ಲಿ ಒಂದು ಎಲೆ ಇಲ್ಲ. ಅಂಥಾದ್ರಲ್ಲಿ ಎರಡು ದೊಡ್ಡ ಬಾತು ಬಂದು ಇಳಿದ್ವು. ಮೈ ಕಿತ್ತಳೆ, ತಲೆ ಬೆಳ್ಳಗೆ. ಎರಡೂ ಬಿಟ್ಟಿರಲ್ಲ."

ಇದನ್ನು ನಾನು ಮೇಷ್ಟ್ರಿಗೆ ಹೇಳಿದಾಗ ಅವರು, "ಅದು ಚಕ್ರವಾಕ" ಎಂದರು. ಪಕ್ಕದಲ್ಲೇ ಇದ್ದ ಕನ್ನಡ ಮೇಡಂ ಎದ್ದು ಬಂದೇಬಿಟ್ಟರು. "ಏನು, ನಮ್ಮ ಜಕ್ಕವಕ್ಕಿಯಾ!" ಹಳಗನ್ನಡ ಕಾವ್ಯಗಳಲ್ಲಿ ರಾತ್ರಿ ಅಗಲಿ, ಬೆಳಿಗ್ಗೆ ಕೂಡುವ ಜೋಡಿ ಎಂದು ಬರುವ ಜಕ್ಕವಕ್ಕಿ ಇದೇ. ಅದು ಚಳಿಗಾಲಕ್ಕೆ ನಮ್ಮ ನಾಡಿನ ಕೆರೆಗಳಿಗೆ ಬಂದು, ಲಡಾಖ್, ಟಿಬೆಟ್ ಕಡೆ ಹೋಗಿ ಮರಿ ಮಾಡುತ್ತದೆ. ನಮ್ಮ ಕವಿಗಳು ಕಂಡಿದ್ದು ಅದರ ಚಳಿಗಾಲದ ಮನೆ. ಮಾಮ ಕಂಡಿದ್ದು ಬೇಸಿಗೆ ಮನೆ.

5. ಬೆಟ್ಟ ದಾಟುವ ಬಗೆ

ಹಿಮಾಲಯ ಗೋಡೆಯ ಹಾಗೆ ಅಡ್ಡ ನಿಂತಿದೆ. ಅದನ್ನು ಹೇಗೆ ದಾಟುತ್ತವೆ?

ಇದಕ್ಕೆ ಒಳ್ಳೆಯ ಉದಾಹರಣೆ ಪಟ್ಟೆತಲೆಯ ಹೆಬ್ಬಾತು. ಬಿಳೀ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ ಇರುತ್ತದೆ. ನಮ್ಮ ಕರ್ನಾಟಕದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಸಾವಿರಾರು ಬರುತ್ತವೆ. ನಮ್ಮ ರಾಮನಗರ ಪಕ್ಕದ ಮಾಗಡಿ ಅಲ್ಲ, ಇದು ಶಿರಹಟ್ಟಿ ಕಡೆಯದು. ಮಳೆನೀರು ನಿಲ್ಲಿಸಲು ಮನುಷ್ಯರೇ ಕಟ್ಟಿದ ಈ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ ಸೇರಿತು. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ.

ಈ ಹೆಬ್ಬಾತುಗಳು ಎವರೆಸ್ಟ್ ಶಿಖರದ ಮೇಲೇ ಹಾರುತ್ತವೆ ಎಂದು ಬಹಳ ಕಡೆ ಬರೆದಿರುತ್ತದೆ. ವಿಜ್ಞಾನಿಗಳು ಹಕ್ಕಿಗಳಿಗೆ ಸಣ್ಣ ಯಂತ್ರ ಕಟ್ಟಿ ನೋಡಿದಾಗ ಬೇರೆಯೇ ಕಂಡಿತು. 2011ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವಸಂತದಲ್ಲಿ ಉತ್ತರಕ್ಕೆ ಹೋಗುವಾಗ ಅವು ಬಯಲಿನಿಂದ ಹಿಮಾಲಯದ ಮೇಲಕ್ಕೆ 7–8 ಗಂಟೆಯಲ್ಲಿ ಏರಿಬಿಡುತ್ತವೆ. ಅದೂ ಬೀಸುವ ಗಾಳಿಯ ಸಹಾಯ ಇಲ್ಲದೆ, ರೆಕ್ಕೆ ಬಡಿದುಕೊಂಡೇ. ಹೆಚ್ಚಾಗಿ ರಾತ್ರಿ ಮತ್ತು ಮುಂಜಾನೆ ಹಾರುತ್ತವೆ. ಯಾಕೆಂದರೆ ತಣ್ಣನೆ ಗಾಳಿ ಹೆಚ್ಚು ದಟ್ಟ, ರೆಕ್ಕೆಗೆ ಹಿಡಿತ ಸಿಗುತ್ತದೆ. 2015ರ ಇನ್ನೊಂದು ಅಧ್ಯಯನದಲ್ಲಿ, ಅವು ಒಂದೇ ಎತ್ತರದಲ್ಲಿ ಹೋಗದೆ ನೆಲದ ಏರಿಳಿತದ ಜೊತೆಗೇ ಏರುತ್ತಾ ಇಳಿಯುತ್ತಾ ಹೋಗುತ್ತವೆ, ಅದರಿಂದ ಶಕ್ತಿ ಉಳಿಯುತ್ತದೆ ಎಂದು ತಿಳಿಯಿತು. ಯಂತ್ರ ಕಟ್ಟಿದ ಒಂದು ಹೆಬ್ಬಾತು ಒಮ್ಮೆ 7,290 ಮೀಟರ್‌ವರೆಗೆ ಏರಿದ ದಾಖಲೆ ಇದೆ. ಆದರೆ ಬಹುಪಾಲು ಹಾರಾಟ ಅದಕ್ಕಿಂತ ಎಷ್ಟೋ ಕೆಳಗೆ. ಎವರೆಸ್ಟ್ 8,848 ಮೀಟರ್‌ಗೂ ಹೆಚ್ಚು. ಅಂದರೆ ಶಿಖರದ ನೆತ್ತಿ ದಾಟುವುದು ಜಂಬ. ಕಣಿವೆ ಹಿಡಿದು ಹೋಗುವುದು ಬುದ್ಧಿ.

ಅವುಗಳ ಮೈಯೂ ಅದಕ್ಕೆ ತಕ್ಕ ಹಾಗಿದೆ. ಅವುಗಳ ರಕ್ತದ ಹಿಮೋಗ್ಲೋಬಿನ್ ತೆಳು ಗಾಳಿಯಲ್ಲೂ ಆಮ್ಲಜನಕವನ್ನು ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ನಮಗೆ ಆ ಸೌಲಭ್ಯ ಇಲ್ಲ. ಅದಕ್ಕೇ ನಮ್ಮ ಮಾಮನಿಗೆ ವಿಶ್ರಾಂತಿ ಬೇಕಾದದ್ದು.

6. ನನ್ನ ತಪ್ಪು

ಈಗ ಬಾಕಿ ವಿಷಯಕ್ಕೆ ಬರುತ್ತೇನೆ. ಸೂಜಿಬಾಲದ ಬಾತಿನ ನನ್ನ ಲೆಕ್ಕ ಹೀಗಿತ್ತು:

ಜನವರಿ ಕೊನೆ ಭಾನುವಾರ – 64
ಫೆಬ್ರವರಿ ಮೂರನೇ ಭಾನುವಾರ – 58
ಮಾರ್ಚ್ ಮೊದಲನೇ ಭಾನುವಾರ – 31
ಮಾರ್ಚ್ ಎರಡನೇ ಭಾನುವಾರ – 0

ಈ ಕೊನೆಯ ಸೊನ್ನೆ ಸುಳ್ಳು. ಆ ದಿನ ನಾನು ಕೆರೆಗೆ ಹೋಗಿರಲೇ ಇಲ್ಲ. ಹೊಸಕೋಟೆಯಲ್ಲಿ ನೆಂಟರ ಮದುವೆ ಇತ್ತು. ರಾತ್ರಿ ಬಂದಾಗ ಪುಟ ಖಾಲಿ ಇರುವುದು ನೋಡಿ ಬೇಸರವಾಯಿತು. 64, 58, 31 ಎಂದು ಇಳಿಯುತ್ತಾ ಬಂದಿದೆ, ಈಗ ಮುಗಿದಿರಬೇಕು ಅಂತ ಊಹೆ ಮಾಡಿ 0 ಬರೆದೆ. ಮೂರು ದಿನ ಬಿಟ್ಟು ಅದನ್ನೇ ಗೋಡೆ ಪತ್ರಿಕೆಗೂ ಹಾಕಿದೆ. ಎಲ್ಲರೂ ಓದಿ ಚೆನ್ನಾಗಿದೆ ಅಂದರು.

ಮಾರನೇ ದಿನ ಆರನೇ ತರಗತಿಯ ಒಬ್ಬ ಹುಡುಗ ನನ್ನ ಹತ್ತಿರ ಬಂದ. ಅವರಪ್ಪ ಕೆರೆಯಲ್ಲಿ ಮೀನು ಹಿಡಿಯುತ್ತಾರೆ. "ಅಕ್ಕ, ನೀನು ಬರ್ದಿರೋದು ಸುಳ್ಳು. ನೆನ್ನೆ ನಮ್ಮಪ್ಪನ ಜೊತೆ ತೆಪ್ಪದಲ್ಲಿ ಹೋಗಿದ್ದೆ. ಜೊಂಡಿನ ಹಿಂದೆ ಇನ್ನೂ ಅವೆ" ಎಂದ. ನನಗೆ ಸಿಟ್ಟು ಬಂತು. "ನಿನಗೇನೋ ಗೊತ್ತು, ಅದು ಬೇರೆ ಬಾತು" ಅಂತ ಗದರಿಸಿ ಕಳಿಸಿದೆ. ಅವನು ಹೋಗುತ್ತಾ, "ಬಾಲ ಸೂಜಿ ಹಂಗೇ ಐತೆ" ಎಂದ. ಆಮೇಲೆ ಪಾಠದಲ್ಲಿ ಮನಸ್ಸು ನಿಲ್ಲಲಿಲ್ಲ.

ಸಾಯಂಕಾಲ ಮೇಷ್ಟ್ರ ಹತ್ತಿರ ಹೋಗಿ ಇದ್ದದ್ದು ಇದ್ದಂಗೆ ಹೇಳಿದೆ. ಅವರು ಬೈಯಲಿಲ್ಲ. "ನೋಡಲಿಲ್ಲ ಅನ್ನೋದೂ ಇರಲಿಲ್ಲ ಅನ್ನೋದೂ ಒಂದೇ ಏನಮ್ಮ?" ಎಂದು ಮಾತ್ರ ಕೇಳಿದರು.

ಆಮೇಲೆ ಇನ್ನೊಂದು ವಿಷಯ ಹೇಳಿದರು. ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಿಂದ 2007ರಲ್ಲಿ 'ಮೈಗ್ರಂಟ್‌ವಾಚ್' ಎಂಬ ಕೆಲಸ ಶುರುವಾಯಿತು. ವಲಸೆ ಹಕ್ಕಿ ಮೊದಲು ಕಂಡ ದಿನ, ಕೊನೆಗೆ ಕಂಡ ದಿನಗಳನ್ನು ದೇಶದ ಎಲ್ಲಾ ಕಡೆಯ ಸಾಮಾನ್ಯ ಜನರೇ ಬರೆದು ಕಳಿಸುತ್ತಿದ್ದರು. ಈಗ ಅಂಥ ಲೆಕ್ಕಗಳು ಇ-ಬರ್ಡ್‌ಗೆ ಸೇರುತ್ತವೆ. ಪ್ರತಿ ಫೆಬ್ರವರಿಯಲ್ಲಿ ನಾಲ್ಕು ದಿನ ನಡೆಯುವ ಹಕ್ಕಿ ಎಣಿಕೆಗೆ 2013ರಿಂದ ನಮ್ಮ ದೇಶವೂ ಸೇರಿದೆ. ಕನಿಷ್ಠ 15 ನಿಮಿಷ ನೋಡಿ ಬರೆದರೆ ಸಾಕು. ಬಿಸಿಲು ಹೆಚ್ಚಾಗಿ ಹಕ್ಕಿಗಳು ಬೇಗ ಹೊರಡುತ್ತಿವೆಯೇ ಎಂದು ಮುಂದೆ ಯಾರಾದರೂ ಕೇಳಿದರೆ ಉತ್ತರ ಸಿಗುವುದು ಇಂಥ ಸಾವಿರಾರು ನೋಟ್‌ಬುಕ್‌ಗಳಿಂದ. ಅದರಲ್ಲಿ ಮದುವೆ ಮನೆಯಲ್ಲಿ ಕೂತು ಬರೆದ ಸೊನ್ನೆ ಸೇರಿದರೆ ಉತ್ತರವೇ ಕೆಡುತ್ತದೆ.

ಮೂರನೇ ಭಾನುವಾರ ಆ ಹುಡುಗನನ್ನೂ ತಾತನ ಟಿವಿಎಸ್‌ನಲ್ಲಿ ಕೂರಿಸಿಕೊಂಡು ಹೋದೆವು. ಅವನು ಕೆರೆಯ ಆಚೆ ಕಡೆಯ ಒಂದು ಜಾಗಕ್ಕೆ ಕರೆದುಕೊಂಡು ಹೋದ. ಜೊಂಡಿನ ಹಿಂದೆ ನೀರಲ್ಲಿ ಸೂಜಿಬಾಲದ ಬಾತುಗಳು ಇದ್ದವು. 9. ಇಬ್ಬರೂ ಎರಡೆರಡು ಸಲ ಎಣಿಸಿದೆವು. ನಾನು ಯಾವಾಗಲೂ ನಿಲ್ಲುವ ಜಾಗದಿಂದ ಅವು ಕಾಣುವುದೇ ಇಲ್ಲ! ಅಂದರೆ ನನ್ನ 31 ಕೂಡ ಪೂರ್ತಿ ಲೆಕ್ಕ ಅಲ್ಲ. ಈಗ ಹಳೆಯ ಅಂಕಿಗಳ ಪಕ್ಕ "ಕಟ್ಟೆ ಮೇಲಿಂದ ಕಂಡಷ್ಟು" ಎಂದು ಬರೆದಿದ್ದೇನೆ. ಎರಡನೇ ಭಾನುವಾರದ ಸೊನ್ನೆ ಹೊಡೆದು "ಹೋಗಲಿಲ್ಲ" ಎಂದು ಬರೆದಿದ್ದೇನೆ. ನಾಲ್ಕನೇ ಭಾನುವಾರ ಎರಡೂ ಜಾಗದಿಂದ ನೋಡಿದಾಗ ಒಂದೂ ಕಾಣಲಿಲ್ಲ. ಏಪ್ರಿಲ್ ಮೊದಲನೇ ಭಾನುವಾರವೂ ಇಲ್ಲ. ಆದ್ದರಿಂದ ಸರಿಯಾದ ಸುದ್ದಿ ಇಷ್ಟೇ: "ಸೂಜಿಬಾಲದ ಬಾತು ಕೊನೆಗೆ ಕಂಡದ್ದು ಮಾರ್ಚ್ ಮೂರನೇ ಭಾನುವಾರ." ಹೊರಟ ದಿನ ನಾವು ನೋಡಿಲ್ಲ.

ಆ ತಮ್ಮನಿಗೆ ಎಲ್ಲರೆದುರು ಗದರಿಸಿದ್ದೆ. ಆದ್ದರಿಂದ ಎಲ್ಲರೂ ಓದುವ ಈ ಪತ್ರಿಕೆಯಲ್ಲೇ ಕ್ಷಮೆ ಕೇಳುತ್ತೇನೆ.

7. ಹಕ್ಕಿ ನೋಡುವವರಿಗೆ ಕೆಲವು ಸೂಚನೆ

1. ಬೆಳಿಗ್ಗೆ ಹೋಗಿ. ಸೂರ್ಯ ನಿಮ್ಮ ಬೆನ್ನ ಹಿಂದೆ ಇರಲಿ. ಎದುರಿದ್ದರೆ ಎಲ್ಲಾ ಹಕ್ಕಿಯೂ ಕಪ್ಪಾಗಿ ಕಾಣುತ್ತದೆ.
2. ದೊಡ್ಡ ಗುಂಪಿದ್ದರೆ ಮೊದಲು ಹತ್ತು ಎಣಿಸಿ. ಆ ಹತ್ತರ ಅಗಲ ಕಣ್ಣಲ್ಲಿ ಹಿಡಿದು ಅಂಥವು ಎಷ್ಟಿವೆ ನೋಡಿ. ಅಂದಾಜಾದರೆ "ಸುಮಾರು" ಎಂದು ಸೇರಿಸಿ.
3. ಹೆಸರು ಗೊತ್ತಿಲ್ಲದಿದ್ದರೆ ಕೊಕ್ಕು, ಕಾಲು, ಬಾಲ, ಬಣ್ಣ ಬರೆಯಿರಿ. ಸುಮ್ಮನೆ ಒಂದು ಹೆಸರು ಇಡಬೇಡಿ.
4. ಒಂದಕ್ಕಿಂತ ಹೆಚ್ಚು ಜಾಗದಿಂದ ನೋಡಿ.
5. ಹತ್ತಿರ ಹೋಗಬೇಡಿ, ಕಲ್ಲು ಎಸೆಯಬೇಡಿ. ಹಕ್ಕಿ ತಲೆ ಎತ್ತಿ ನಿಮ್ಮನ್ನೇ ನೋಡುತ್ತಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ.
6. ಹೋಗದ ದಿನ "ಹೋಗಲಿಲ್ಲ" ಎಂದೇ ಬರೆಯಿರಿ.
7. ಒಬ್ಬರೇ ಹೋಗಬೇಡಿ. ನೀರಿಗೆ ಇಳಿಯಬೇಡಿ. ಮನೆಯಲ್ಲಿ ಹೇಳಿ ಹೋಗಿ.

8. ಕೊನೆಯ ಮಾತು

ಹಳದಿ ತಲೆಯ ಸಿಪಿಲೆ ನನಗೆ ಕೊನೆಗೆ ಕಂಡದ್ದು ಏಪ್ರಿಲ್ ಎರಡನೇ ಭಾನುವಾರ. ಮೇ ಮೊದಲ ವಾರ ಮಾಮ ಒಂದು ಫೋಟೋ ಕಳಿಸಿದರು. ಲೇಹ್ ಹತ್ತಿರ ಶೇ ಎಂಬ ಹಳ್ಳಿ ಇದೆ, ಅಲ್ಲಿ ಸಿಂಧೂ ನದಿ ಪಕ್ಕದ ಜೌಗಿನಲ್ಲಿ ತೆಗೆದದ್ದು. ಹಿಂದೆ ಹಿಮದ ಬೆಟ್ಟ, ಮುಂದೆ ಕೆಸರು, ಕೆಸರಲ್ಲಿ ಅರಿಶಿನ ತಲೆಯ ಒಂದು ಸಿಪಿಲೆ. "ನಿಮ್ಮ ಕೆರೆಯದೇನಾ ನೋಡು ಪುಟ್ಟಿ" ಎಂದು ಬರೆದಿದ್ದರು.

ಮೊದಲಾಗಿದ್ದರೆ "ಹೌದು, ಅದೇ" ಎಂದು ಬರೆದುಬಿಡುತ್ತಿದ್ದೆ. ಈಗ ಹಾಗೆ ಬರೆಯುವುದಿಲ್ಲ. ಕಾಲಿಗೆ ಸಂಖ್ಯೆಯ ಉಂಗುರ ಇದ್ದರೆ ಮಾತ್ರ ಅದೇ ಹಕ್ಕಿ ಎಂದು ಹೇಳಬಹುದು. ಸಲೀಂ ಅಲಿಯವರೂ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯವರೂ 1960ರ ದಶಕದಲ್ಲಿ ಸಾವಿರಾರು ಹಕ್ಕಿಗಳಿಗೆ ಉಂಗುರ ಹಾಕಿದ್ದು ಇದಕ್ಕೇ. ಫೋಟೋದ ಹಕ್ಕಿ ಕಾಲಲ್ಲಿ ಉಂಗುರ ಇರಲಿಲ್ಲ. "ಅದೇ ಜಾತಿ ಮಾಮ. ಅದೇ ಹಕ್ಕಿಯೋ ಗೊತ್ತಿಲ್ಲ" ಎಂದು ಬರೆದೆ. ಅವರು ಶಹಭಾಸ್ ಎಂದರು.

ನಮ್ಮಜ್ಜಿ ಮಾತ್ರ ಆ ಫೋಟೋವನ್ನು ಬಹಳ ಹೊತ್ತು ನೋಡಿದರು. ಹಕ್ಕಿಯನ್ನಲ್ಲ, ಹಿಂದಿದ್ದ ಹಿಮವನ್ನು. "ಇಷ್ಟು ಚಳಿಯಲ್ಲಿ ನನ್ನ ಮಗ ಹೆಂಗವ್ನೋ. ಆ ಹಕ್ಕಿ ವಾಪಸ್ ಯಾವಾಗ ಬರ್ತದೆ?" ಎಂದು ಕೇಳಿದರು. ಸೆಪ್ಟೆಂಬರ್‌ನಿಂದ ಬರಲು ಶುರುವಾಗುತ್ತವೆ ಎಂದೆ. ಮಾಮನಿಗೂ ದಸರಾ ಹೊತ್ತಿಗೆ ರಜ ಸಿಗಬಹುದಂತೆ.

ಸೆಪ್ಟೆಂಬರ್ ಮೊದಲನೇ ಭಾನುವಾರದಿಂದ ಎರಡು ಜಾಗದಲ್ಲೂ ನೋಡುವವರು ಬೇಕು. ಕಟ್ಟೆ ಮೇಲೆ ನಾನಿರುತ್ತೇನೆ. ಜೊಂಡಿನ ಕಡೆಗೆ ಆ ತಮ್ಮನೇ ಮುಂದಾಳು. ಬರುವವರು ಮೇಷ್ಟ್ರ ಹತ್ತಿರ ಹೆಸರು ಕೊಡಿ, ಒಂದು ನೋಟ್‌ಬುಕ್, ಒಂದು ಪೆನ್ಸಿಲ್ ತನ್ನಿ.

ಯೋಚಿಸಿ ಉತ್ತರಿಸಿ:
(ಅ) ನಿಮ್ಮ ಬೀದಿಯಲ್ಲಿ ಕಾಣುವ ಹಕ್ಕಿಗಳಲ್ಲಿ ಮನೆಯವು ಯಾವುವು, ನೆಂಟರು ಯಾವುವು?
(ಆ) ಹೆಬ್ಬಾತು ಹಗಲಿಗಿಂತ ರಾತ್ರಿ ಬೆಟ್ಟ ಏರುವುದು ಯಾಕೆ?
(ಇ) "ಕಾಣಲಿಲ್ಲ", "ಇರಲಿಲ್ಲ", "ನೋಡಲಿಲ್ಲ" – ಈ ಮೂರಕ್ಕೂ ವ್ಯತ್ಯಾಸ ಏನು? ಒಂದೊಂದು ಉದಾಹರಣೆ ಕೊಡಿ.

ಇಂತಿ,
9ನೇ ತರಗತಿಯ ಒಬ್ಬ ವಿದ್ಯಾರ್ಥಿನಿ